ಕಾರಿನ ಕೆಳಗಿಂದ ಬಂದ ಮಾತು

ಕಳೆದ ವರ್ಷದ ಬೇಸಿಗೆಯಲ್ಲಿ ಒಂದು ಭಾನುವಾರ ನನ್ನ ಗಂಡ ಹೊಸದಾಗಿ ಕೊಂಡ ಕಾರಿನೊಳಗೆ ಬಲಗಾಲಿಟ್ಟರು. ಕಾಲು ಕಾರಿನಲ್ಲಿ ನಿಲ್ಲಲಿಲ್ಲ. ತಳ ತೂರಿಕೊಂಡು ಹೋಗಿ ನಮ್ಮ ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ನಿಂತಿತು.

ಹೊಸದಾಗಿ ಕೊಂಡದ್ದು ಅಂದೆ. ಹೊಸ ಕಾರು ಅನ್ನಲಿಲ್ಲ, ಗಮನಿಸಿ.

"ಏನ್ರೀ ಅದು ಸದ್ದು?" ಅಂತ ಅಡುಗೆಮನೆಯಿಂದ ಕೂಗಿದೆ.

"ಏನಿಲ್ಲ, ಫ್ಲೋರು ಸ್ವಲ್ಪ ವೀಕ್ ಐತಿ" ಅಂದರು. ಹೋಗಿ ನೋಡಿದರೆ ಮೊಣಕಾಲವರೆಗೆ ತುಕ್ಕಿನಲ್ಲಿ ಸಿಕ್ಕಿಕೊಂಡು, ಸ್ಟೀರಿಂಗು ಹಿಡಿದು ನಿಂತಿದ್ದರು. ಮುಖದಲ್ಲಿ ಮಾತ್ರ ಮದುಮಗನ ಕಳೆ.

ಕಾರಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ಐವತ್ತರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದ ನಾಲ್ಕು ಬಾಗಿಲಿನ ಸಲೂನ್. ದುಂಡು ಬೆನ್ನು, ದುಂಡು ದೀಪ, ಮರದ ಡ್ಯಾಶ್‌ಬೋರ್ಡು, ಚರ್ಮದ ಸೀಟು. (ಸೀಟಿನೊಳಗೆ ಒಂದು ಇಲಿ ಸಂಸಾರ.) ನಾವಿರುವ ಕ್ಯಾಂಪ್‌ಬೆಲ್‌ನಲ್ಲೇ, ಎರಡು ಬೀದಿ ಆಚೆ, ಒಬ್ಬ ಮುದುಕರ ಹಿತ್ತಲಿನಲ್ಲಿ ಏಪ್ರಿಕಾಟ್ ಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಮೇಲೆ ಹಣ್ಣು ಉದುರಿ ಉದುರಿ ಬಣ್ಣ ಎದ್ದುಹೋಗಿತ್ತು. ಅವರು ಮನೆ ಮಾರಿ ಮಗಳ ಊರಿಗೆ ಹೊರಟಿದ್ದರು. ಕಾರನ್ನು ಯಾರೂ ಕೇಳಿರಲಿಲ್ಲ. ಕೇಳಿದ ಒಬ್ಬರೇ ಒಬ್ಬರು ನಮ್ಮನೆಯವರು.

"ಯಾಕ್ರೀ ಬೇಕಿತ್ತು?" ಅಂದೆ.

"ಬಾಗಿಲಾ ಹಾಕಿ ಸದ್ದು ಕೇಳು" ಅಂದರು.

ಹಾಕಿದೆ. ದಪ್ಪ, ಮೆತ್ತಗಿನ ಸದ್ದು. ಚೆನ್ನಾಗಿಯೇ ಇತ್ತು. ಆದರೆ ಸದ್ದಿಗೋಸ್ಕರ ಯಾರಾದರೂ ಕಾರು ಕೊಳ್ಳುತ್ತಾರಾ?

ಈ ಅಂಕಣ ಓದುವವರಿಗೆ ನಮ್ಮನೆಯವರ ಪರಿಚಯ ಇದ್ದೇ ಇದೆ. ಹೊಸಬರಿಗಾಗಿ: ಹೆಸರು ಬಸವರಾಜ, ಊರು ಧಾರವಾಡ, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗು, ಕೆಲಸ ಇಲ್ಲಿನ ಒಂದು ಚಿಪ್ ಕಂಪನಿಯಲ್ಲಿ. ನಾನು ಮೈಸೂರಿನವಳು, ಒಂದು ಡೇಕೇರಿನಲ್ಲಿ ಅರ್ಧ ದಿನ ಮಕ್ಕಳ ಮೂಗು ಒರೆಸುತ್ತೇನೆ. ಮಗಳು ದೀಪಾ ನಾಲ್ಕನೇ ಕ್ಲಾಸು. ಕನ್ನಡದಲ್ಲಿ ಬೈದರೆ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕಾರು ಬಂದ ಹೊಸದರಲ್ಲಿ ಮೂರ್ನಾಲ್ಕು ವೀಕೆಂಡು ಉತ್ಸಾಹ ಇತ್ತು. ಆಮೇಲೆ ಎಲ್ಲರ ಮನೆಯಲ್ಲೂ ಆಗುವುದೇ ಆಯಿತು. ಅದರ ಮೇಲೆ ನಾನು ಲಾಂಡ್ರಿ ಬುಟ್ಟಿ ಇಡತೊಡಗಿದೆ.

ಡಿಸೆಂಬರಿನ ಕೊನೆಯಲ್ಲಿ ಧಾರವಾಡದಿಂದ ನಮ್ಮತ್ತೆ ಬಂದರು. ಮೊದಲ ಸಲ ವಿಮಾನ ಹತ್ತಿದ್ದು, ಮೊದಲ ಸಲ ಮಗನ ಮನೆ ನೋಡಿದ್ದು. ಸೂಟ್‌ಕೇಸಿನ ತುಂಬ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ. ಬಟ್ಟೆ ಕೈಚೀಲದಲ್ಲಿ.

ಅವರು ಬಂದು ಹದಿನೈದು ದಿನ ಆಗಿರಲಿಲ್ಲ. ಒಂದು ಶುಕ್ರವಾರ ನಾನು ಡೇಕೇರಿನಿಂದ ಮಧ್ಯಾಹ್ನ ಬರುವ ಹೊತ್ತಿಗೆ ಇವರ ಕಾರು ಡ್ರೈವ್‌ವೇಯಲ್ಲಿ ನಿಂತಿತ್ತು. (ಆಫೀಸಿಗೆ ಹೋಗುವ ಕಾರು, ಓಡುವಂಥದ್ದು.) ಇವರು ಒಳಗೇ ಕೂತಿದ್ದರು. ಕಿಟಕಿ ಇಳಿಸಿ ಹೇಳಿದರು.

"ಡಿಪಾರ್ಟ್‌ಮೆಂಟ್ ಪೂರಾ ಕ್ಲೋಸ್ ಮಾಡಿದ್ರು."

"ಪೂರಾ ಅಂದ್ರೆ?"

"ಪೂರಾ ಅಂದ್ರ ಪೂರಾ."

ಈಗ ನಮ್ಮ ಈ ಸಿಲಿಕಾನ್ ಕಣಿವೆಯಲ್ಲಿ ಚಿಪ್ ಕಂಪನಿಗಳಿಗೆ ಗ್ರಹಚಾರ ಕೆಟ್ಟಿದೆ ಅಂತ ನೀವೂ ಪೇಪರಿನಲ್ಲಿ ಓದಿರಬಹುದು. ಜಪಾನಿನವರು ಮೆಮೊರಿ ಚಿಪ್ಪನ್ನು ಕಡಲೆಕಾಯಿ ಬೆಲೆಗೆ ಮಾರುತ್ತಿದ್ದಾರೆ, ಇಲ್ಲಿನವರು ಬಾಗಿಲು ಹಾಕುತ್ತಿದ್ದಾರೆ. ಪೇಪರಿನಲ್ಲಿ ಓದುವುದು ಬೇರೆ. ಗಂಡ ಮಟಮಟ ಮಧ್ಯಾಹ್ನ ಡ್ರೈವ್‌ವೇಯಲ್ಲಿ ಕೂತಿರುವುದನ್ನು ನೋಡುವುದು ಬೇರೆ.

"ಅವ್ವಗ ಹೇಳಬ್ಯಾಡ. ಕೇಳಿದ್ರ ನಾಳಿಗೇ ಟಿಕೆಟ್ ತಗಿ ಅಂತಾಳ" ಅಂದರು.

ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ?

ಸೋಮವಾರ ಬೆಳಿಗ್ಗೆ ಇವರಿಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಅಭ್ಯಾಸದಂತೆ ಶೇವ್ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಗ್ಯಾರೇಜಿಗೆ ಹೋದರು. ಕಾರಿನ ಮೇಲಿನ ಬುಟ್ಟಿ ಇಳಿಸಿದರು. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಯನ್ನು ಚುಚ್ಚಿ ನೋಡತೊಡಗಿದರು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಬಸೂ, ಇವತ್ತ ಆಫೀಸಿಲ್ಲೇನು?"

ಇವರು ಇನ್ನೊಂದು ಕಡೆ ಚುಚ್ಚಿದರು.

"ಇದಽ ಆಫೀಸಿನ ಕೆಲಸೇನು?"

"ಹೂಂ" ಅಂದರು.

ಅಷ್ಟೇ. ಒಂದು 'ಹೂಂ'. ಆದರೆ ಆ ಒಂದು ಹೂಂ ಹಿಡಿದುಕೊಂಡು ನಮ್ಮತ್ತೆ ಒಂದು ಇಡೀ ಸಂಸ್ಥಾನ ಕಟ್ಟಿದರು. ಕಂಪನಿಯವರಿಗೆ ಬಸೂನ ಮೇಲೆ ಎಷ್ಟು ವಿಶ್ವಾಸ! ಮನೆಗೇ ಕಾರು ಕಳಿಸಿ ಸರಿಮಾಡಿಕೊಡು ಅಂದಿದ್ದಾರೆ! ದೊಡ್ಡ ಸಾಹೇಬರದೇ ಇರಬೇಕು! ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಚಹಾ ಗ್ಯಾರೇಜಿಗೇ ಹೋಗತೊಡಗಿತು. ದೀಪಾ ಸೈಕಲ್ ತೆಗೆಯಲು ಹೋದರೆ, "ಗದ್ಲ ಮಾಡಬ್ಯಾಡವಾ, ನಿಮ್ಮಪ್ಪ ಆಫೀಸಿನ್ಯಾಗ ಅದಾನ" ಅಂತ ಗದರಿಸುತ್ತಿದ್ದರು.

"ಬಟ್ ದಟ್ಸ್ ದ ಗ್ಯಾರೇಜ್, ಅಜ್ಜಿ!"

"ಹೂಂ, ಅದಽ" ಅನ್ನುತ್ತಿದ್ದರು ಅಜ್ಜಿ.

ಸ್ಕ್ರೂಡ್ರೈವರ್ ಚುಚ್ಚಿದಲ್ಲೆಲ್ಲ ಒಳಗೆ ಹೋಯಿತು. ಹೊರಗಿನಿಂದ ನೋಡಿದರೆ ಅಲ್ಲೊಂದು ಇಲ್ಲೊಂದು ಗುಳ್ಳೆ, ಅಷ್ಟೇ. ಕೆರೆದರೆ ಅದರಡಿ ಬಣ್ಣ, ಬಣ್ಣದಡಿ ಪುಟ್ಟಿ, ಪುಟ್ಟಿಯಡಿ ಕೋಳಿ ಬೋನಿಗೆ ಹಾಕುವ ತಂತಿ ಬಲೆ, ಅದರಡಿ ಉಂಡೆ ಕಟ್ಟಿ ತುರುಕಿದ ಗೋಣಿಚೀಲ. ಕಬ್ಬಿಣ ಮಾತ್ರ ಎಲ್ಲೂ ಇಲ್ಲ. ಹಿಂದೆ ಯಾರೋ ಮಹಾನುಭಾವರು ತೂತು ಕಂಡಲ್ಲೆಲ್ಲ ಗೋಣಿ ತುರುಕಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದು ಕೈ ತೊಳೆದುಕೊಂಡಿದ್ದರು.

ಇವರು ದೊಡ್ಡವರಿಗೆ ಸಂಜೆ ಪಾಠ ಹೇಳುವ ಅಡಲ್ಟ್ ಸ್ಕೂಲಿನ ವೆಲ್ಡಿಂಗ್ ಕ್ಲಾಸಿಗೆ ಸೇರಿದರು. ಮೊದಲು ಹಾಕಿದ ಬೆಸುಗೆ ಹಕ್ಕಿ ಹಿಕ್ಕೆಯ ಹಾಗಿತ್ತು. (ನಾನು ಹೇಳಿದ್ದಲ್ಲ, ಅವರ ಮೇಷ್ಟ್ರು ಹೇಳಿದ್ದು.) ಆಮೇಲೆ ಕೈ ಕುದುರಿತು. ಹಳೇ ಪಟ್ಟಿ ಕೊಯ್ದು ತೆಗೆದು, ಹೊಸ ತಗಡು ಬಗ್ಗಿಸಿ ಕೂರಿಸಿದರು. ನೆಲಕ್ಕೆ ಹೊಸ ತಗಡು ಬಂತು. ಕಾಲಿಟ್ಟರೆ ಕಾಲು ಕಾರಿನಲ್ಲೇ ನಿಲ್ಲತೊಡಗಿತು.

ಒಂದು ದಿನ ಬ್ಯಾಟರಿ ಜೋಡಿಸಿದರು. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಮೈಗೆ ಸೇರಬೇಕಂತೆ, ಉಳಿದೆಲ್ಲ ಕಾರುಗಳಿಗೆ ಉಲ್ಟಾ. ನಮ್ಮ ಎಲೆಕ್ಟ್ರಿಕಲ್ ಎಂಜಿನಿಯರು ಪುಸ್ತಕ ನೋಡಲಿಲ್ಲ. ತಮಗೆ ಗೊತ್ತಿದ್ದ ಹಾಗೆ ಕನೆಕ್ಷನ್ ಕೊಟ್ಟರು. ಬಾನೆಟ್ಟಿನೊಳಗಿನ ಒಂದು ಕರಿ ಡಬ್ಬಿಯಿಂದ ಬುಸ್ ಅಂತ ಹೊಗೆ ಎದ್ದಿತು. ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಓಡಿಬಂದರು.

"ಸಾಹೇಬ್ರು ಬೈತಾರೇನೋ ಬಸೂ?" ಅಂತ ಕೇಳಿದರು.

ಇವರು ನನ್ನ ಮುಖ ನೋಡಿದರು. ನಾನು ಹೊರಗೆ ನೋಡಿದೆ.

ಇದರ ನಡುವೆ ಇಂಟರ್‌ವ್ಯೂಗಳೂ ಆದವು. ಟೈ ಕಟ್ಟಿಕೊಂಡು ಹೋಗುವರು, ಬರುವರು. 'ನಿಮ್ಮ ಅನುಭವ ಮೆಚ್ಚುಗೆಯಾಗಿದೆ, ಆದರೆ ಸದ್ಯಕ್ಕೆ...' ಅಂತ ಉತ್ತರ. ನಾನು ಡೇಕೇರಿನಲ್ಲಿ ಅರ್ಧ ದಿನವನ್ನು ಪೂರ್ತಿ ದಿನ ಮಾಡಿಕೊಂಡೆ. ಇವರು ಗೆಳೆಯರ ಫೋನು ಬಂದರೆ ಸ್ನಾನಕ್ಕೆ ಹೋಗುತ್ತಿದ್ದರು. ದಿನಕ್ಕೆ ಅಷ್ಟೊಂದು ಸ್ನಾನ ಮಾಡುವ ಗಂಡಸನ್ನು ನಾನು ನೋಡಿರಲಿಲ್ಲ. ಗೆಳೆಯರ ಮನೆಗಳ ಶನಿವಾರದ ಊಟಗಳಿಗೆ ಹೋಗುವುದು ನಿಂತಿತು. ಯಾರನ್ನೂ ಕರೆಯುವುದೂ ನಿಂತಿತು.

ಯುಗಾದಿಗೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಹೇವರ್ಡಿನಲ್ಲಿ ಒಂದು ಹಾಲ್ ಹಿಡಿದು ಕನ್ನಡದವರೆಲ್ಲ ಸೇರಿ ಊಟ. ಪ್ರತಿ ಮನೆಯಿಂದ ಒಂದೊಂದು ಅಡುಗೆ. ಅತ್ತೆ ಹೋಗಲೇಬೇಕು ಅಂದರು. ಈ ಊರಿಗೆ ಬಂದ ಮೇಲೆ ನಮ್ಮ ಮೂವರನ್ನು ಬಿಟ್ಟು ಬೇರೆ ಕನ್ನಡದ ಮುಖ ನೋಡಿರಲಿಲ್ಲ ಪಾಪ.

ಅಲ್ಲಿ ನಮ್ಮತ್ತೆಯ ಸುತ್ತ ಹೆಂಗಸರು ಕೂತರು. ಅಮ್ಮಂದಿರನ್ನು ಬಿಟ್ಟುಬಂದವರಿಗೆ ಯಾರ ಅಮ್ಮ ಆದರೂ ನಡೆಯುತ್ತದೆ. ಅತ್ತೆಗೂ ಖುಷಿ. ಮಾತು ಮಗನ ಕಡೆ ತಿರುಗಿತು.

"ನಮ್ಮ ಬಸೂಗ ಕಂಪನಿಯವರು ಮನಿಗೇ ಕಾರ್ ಕೊಟ್ಟಾರ್ರೀ. ದಿನಾ ಅದರದಽ ಕೆಲಸ. ಆಫೀಸಿಗೂ ಬರಬ್ಯಾಡ ಅಂದಾರ."

ಪಕ್ಕದಲ್ಲಿ ಶಾಲಿನಿ ಇದ್ದರು. ಉಡುಪಿಯವರು, ಹೇವರ್ಡಿನಲ್ಲೇ ಮನೆ. ಅವರ ಗಂಡ ಸದಾನಂದ ನಮ್ಮನೆಯವರ ಕಂಪನಿಯಲ್ಲೇ, ಬೇರೆ ಬಿಲ್ಡಿಂಗಿನಲ್ಲಿ. ಶಾಲಿನಿ ಕೆಟ್ಟವರಲ್ಲ. ಬಾಯಿ ಸ್ವಲ್ಪ ಮುಂದೆ ಹೋಗುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ.

"ಎಂತ ಅಮ್ಮಾ ನೀವು ಹೇಳುವುದು! ಆ ಡಿಪಾರ್ಟ್‌ಮೆಂಟೇ ಮುಚ್ಚಿ ಹೋಯ್ತಲ್ಲ, ಜನವರಿಯಲ್ಲೇ! ದೇವರ ದಯೆ, ನಮ್ಮವರ ಬಿಲ್ಡಿಂಗ್ ಬಚಾವಾಯ್ತು."

ಅತ್ತೆ ಒಂದು ಕ್ಷಣ ನಕ್ಕರು, ಎದುರಿನವರು ತಮಾಷೆ ಮಾಡಿದಾಗ ನಗುವ ಹಾಗೆ. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಇದ್ದದ್ದನ್ನು ಓದಿಕೊಂಡರು. ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮುರಿದು ಮುರಿದು ಸಣ್ಣ ಚೂರು ಮಾಡಿದರು. ತಿನ್ನಲಿಲ್ಲ.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ ದೀಪಾ ಹಿಂದಿನ ಸೀಟಿನಲ್ಲಿ ನಿದ್ದೆ. ನಾನು, ಅತ್ತೆಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಏನೋ ಒಂದು ಬರುತ್ತದೆ ಅಂತ ಕಾದೆ. ಏನೂ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಅಡುಗೆ ಮಾಡಿದರು, ಬಟ್ಟೆ ಮಡಿಸಿದರು, ಗ್ಯಾರೇಜಿಗೆ ಚಹಾ ಹೋಗಲಿಲ್ಲ.

ಇವರು ತಾವೇ ಒಳಗೆ ಬಂದು ಚಹಾ ಬಸಿದುಕೊಂಡು ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದರು. ನಲವತ್ತು ದಾಟಿದ ಮನುಷ್ಯ, ಬೈಸಿಕೊಳ್ಳಲಾಗದೆ ಒದ್ದಾಡುತ್ತಿದ್ದರು.

ಆ ವಾರದ ಕೊನೆಗೆ ಅತ್ತೆ ಗ್ಯಾರೇಜಿಗೆ ಹೋದರು. ನಾನು ಹಿಂದೆಯೇ ಹೋದೆ. ಇವರು ಮುಂದಿನ ಮಡ್‌ಗಾರ್ಡ್ ಬಿಚ್ಚಿ ನೆಲದ ಮೇಲಿಟ್ಟುಕೊಂಡು ಉಪ್ಪುಕಾಗದದಲ್ಲಿ ತಿಕ್ಕುತ್ತಿದ್ದರು. ಅತ್ತೆ ಒಂದು ಡಬ್ಬ ಮಗುಚಿ ಹಾಕಿ ಅದರ ಮೇಲೆ ಕೂತರು.

"ನಾ ಏನ್ ಸಣ್ಣ ಕೂಸೇನು?" ಅಂದರು.

"ಹಂಗಲ್ಲ ಅವ್ವಾ. ನಿನಗ ಕಾಳಜಿ ಆಗ್ತೈತಿ ಅಂತ..."

"ಕಾಳಜಿ ಮಾಡಾಕಽ ಅಲ್ಲೇನೋ ತಾಯಿ ಅಂತ ಇರೂದು? ಹೋಳಿಗಿ ಮಾಡಾಕಷ್ಟಽ ಇರೂದೇನು?"

ಇವರು ಮತ್ತೆ ತಿಕ್ಕತೊಡಗಿದರು.

ಅತ್ತೆ ಹೇಳಿದರು. ನಮ್ಮ ಮಾವನವರು ಧಾರವಾಡದಲ್ಲಿ ಹೈಸ್ಕೂಲ್ ಮಾಸ್ತರರು. ಇವರು ಇನ್ನೂ ಅಂಬೆಗಾಲಿಡುವಾಗ, ಯಾರದೋ ಮಗನನ್ನು ಪಾಸು ಮಾಡಲಿಲ್ಲ ಅಂತ ಆಡಳಿತದವರು ಮಾವನವರನ್ನು ಕೆಲಸದಿಂದ ತೆಗೆದಿದ್ದರಂತೆ. ನಮ್ಮಿಬ್ಬರಿಗೂ ಈ ವಿಷಯ ಗೊತ್ತೇ ಇರಲಿಲ್ಲ.

"ಮಧ್ಯಾಹ್ನ ಕೆಲಸಾ ಹೋತು. ಸಂಜಿಗೆ ಓಣಿ ತುಂಬ ಗೊತ್ತಾತು. ಮುಚ್ಚಿಡಾಕ ಎಲ್ಲಿತ್ತು ಜಾಗಾ? ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ. ನಿಮ್ಮಪ್ಪಗೂ ಮೊದಲ ನಾಚಿಕಿ ಬಂತು. ಆದರ ಬಾಜೂ ಮನ್ಯಾಕಿ ಜ್ವಾಳ ತಂದು ಇಟ್ಟು ಹೋದ್ಲು. ಕಿರಾಣಿ ಅಂಗಡ್ಯಾವ ತನ್ನ ಮಕ್ಕಳನ್ನ ಟ್ಯೂಶನ್ನಿಗೆ ಕಳಿಸಿದ. ಆ ಮಕ್ಕಳ ಜೋಡಿ ಮತ್ತಷ್ಟು ಮಕ್ಕಳು ಬಂದ್ರು. ಹೊಸಾ ಸಾಲ್ಯಾಗ ಜಾಗಾ ಖಾಲಿ ಐತಿ ಅಂತ ಹೇಳಿದವನೂ ಓಣಿಯವನಽ. ಮಂದಿಗೆ ಗೊತ್ತಽ ಆಗದಿದ್ರ ಮಂದಿ ಹೆಂಗ ಬರಬೇಕೋ ಬಸೂ?"

ಇವರು ತಲೆ ಎತ್ತಲಿಲ್ಲ. ಮಡ್‌ಗಾರ್ಡಿನ ಒಂದೇ ಜಾಗ ತಿಕ್ಕುತ್ತಿದ್ದರು. ಅಲ್ಲಿ ತುಕ್ಕು ಹೋಗಿ ಎಷ್ಟೋ ಹೊತ್ತಾಗಿತ್ತು.

ಅತ್ತೆ ಕೈ ಚಾಚಿ ಒಂದು ತುಂಡು ಉಪ್ಪುಕಾಗದ ತೆಗೆದುಕೊಂಡರು. "ಜಂಗು ಇನ್ನೂ ಎಲ್ಲೆಲ್ಲಿ ಐತಿ ತೋರ್ಸು. ಸುಮ್ಮನ ಕುಂತು ಏನ್ ಮಾಡ್ಲಿ."

ಅದೇ ದಿನ ಸಂಜೆ ಶಾಲಿನಿಯ ಫೋನು ಬಂತು, ನಾನೇ ಎತ್ತಿದೆ. ಪಾಪ, ನಾಲ್ಕು ದಿನದಿಂದ ಧೈರ್ಯ ಮಾಡುತ್ತಿದ್ದರಂತೆ. "ಸುಮಾ, ನಂಗೆ ನಿಜವಾಗಿ ಗೊತ್ತಿರ್ಲಿಲ್ಲ, ಬೇರೆ ಕಡೆ ಸಿಕ್ಕಿರ್ಬೇಕು ಅಂದ್ಕೊಂಡಿದ್ದೆ..." ಅನ್ನುವಷ್ಟರಲ್ಲಿ ಅತ್ತೆ ರಿಸೀವರ್ ಇಸಿದುಕೊಂಡರು.

"ನೀ ಏನೂ ತಪ್ಪು ಮಾಡಿಲ್ಲವಾ. ಹೌದು, ನನ್ನ ಮಗಾಗ ಕೆಲಸ ಹೋಗೈತಿ. ಈ ಐತವಾರ ನೀನೂ ನಿನ್ನ ಗಂಡನೂ ಊಟಕ್ಕ ಬರ್ರಿ. ರೊಟ್ಟಿ ಮಾಡ್ತೀನಿ."

ಇವರು ಸ್ನಾನಕ್ಕೆ ಹೋಗಲಿಲ್ಲ. ಅಲ್ಲೇ ನಿಂತು ಕೇಳಿಸಿಕೊಂಡರು.

ಭಾನುವಾರ ಬಂದರು. ಶಾಲಿನಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿಯಲು ನಿಂತರು. ಸದಾನಂದ ಕಾರು ನೋಡುತ್ತೇನೆ ಅಂದರು. ಪಾಲಿಶ್ ಮಾಡಿದ ಶೂ, ಇಸ್ತ್ರಿ ಮಾಡಿದ ಪ್ಯಾಂಟು. "ಕೆಳಗೆ ಒಮ್ಮೆ ನೋಡುವ" ಅಂತ ಆ ಪ್ಯಾಂಟಿನಲ್ಲೇ ರಟ್ಟಿನ ಮೇಲೆ ಮಲಗಿ ಕಾರಿನಡಿ ಸರಿದರು. ಪಕ್ಕದಲ್ಲಿ ಇವರೂ ಸರಿದರು.

ಸ್ವಲ್ಪ ಹೊತ್ತಿಗೆ ನಾನು ಚಟ್ನಿಪುಡಿ ಹಚ್ಚಿದ ರೊಟ್ಟಿ ಚೂರು ಹಿಡಿದು ಗ್ಯಾರೇಜಿಗೆ ಹೋದೆ. ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತ ಕಾರು, ಅದರಡಿಯಿಂದ ಎರಡು ಜೊತೆ ಕಾಲು. ಒಂದು ಜೊತೆಗೆ ಹವಾಯಿ ಚಪ್ಪಲಿ, ಇನ್ನೊಂದಕ್ಕೆ ಶೂ. ಮುಖ ಯಾರದೂ ಕಾಣುವುದಿಲ್ಲ.

"ಇದು ಸೈಲೆನ್ಸರ್ ಅಲ್ಲ ಮಾರಾಯ್ರೆ, ಜರಡಿ" ಅಂದಿತು ಶೂ.

"ಲೈಟು ಸ್ವಲ್ಪ ಈ ಕಡೆ" ಅಂದಿತು ಚಪ್ಪಲಿ.

ಕಟಕಟ ಸದ್ದು. ನಿಂತಿತು. ಮತ್ತೆ ಕಟಕಟ.

"ಬಸವರಾಜ್, ನನ್ನದೂ ಹೋಯ್ತು."

"ಏನು? ಸ್ಪ್ಯಾನರ್ರಾ?"

"ಕೆಲಸ."

ನಾನು ನಿಂತಲ್ಲೇ ನಿಂತೆ.

"ಯಾವಾಗ?"

"ಯುಗಾದಿಗೆ ಮೊದಲೇ. ನಮ್ಮ ಬಿಲ್ಡಿಂಗಿನಲ್ಲೂ ಅರ್ಧ ಜನರನ್ನು ತೆಗೆದರು. ಶಾಲಿನಿಗೆ ಹೇಳಲಿಲ್ಲ. ಬೆಳಿಗ್ಗೆ ಬುತ್ತಿ ಹಿಡಿದುಕೊಂಡು ಹೊರಡುತ್ತೇನೆ. ಮನೆ ಹತ್ತಿರದಲ್ಲೇ, ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೂತುಕೊಳ್ಳುವುದು. ಸಂಜೆ ಟ್ರಾಫಿಕ್ ಟೈಮ್ ಆಗುವವರೆಗೆ ಕಾಯುವುದು. ಮನೆಗೆ ಹೋಗಿ ಟ್ರಾಫಿಕ್ಕಿಗೆ ಬೈಯುವುದು." ಸ್ವಲ್ಪ ತಡೆದು, "ಅದೇ ಕಷ್ಟ. ಇಲ್ಲದ ಟ್ರಾಫಿಕ್ಕಿಗೆ ಬೈಯುವುದು" ಅಂದರು.

ಹವಾಯಿ ಚಪ್ಪಲಿಯ ಕಾಲು ಮೆಲ್ಲಗೆ ಶೂಗೆ ತಾಗಿತು.

ನಾನು ಹಿಂದೆ ಸರಿಯಬೇಕು ಅಂತ ತಿರುಗಿದರೆ ಅತ್ತೆ ನಿಂತಿದ್ದಾರೆ. ಕೈಯಲ್ಲಿ ಮಜ್ಜಿಗೆ ಚೊಂಬು. ಎಷ್ಟು ಹೊತ್ತಿನಿಂದಲೋ. ಚೊಂಬನ್ನು ನನ್ನ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಬಗ್ಗಿದರು. ಶೂಗಳಿಗೆ ಹೇಳಿದರು:

"ತಮ್ಮಾ, ಹೊರಗ ಬಾ."

ಶೂ ಅಲ್ಲಾಡಲಿಲ್ಲ.

"ಬಾ ಹೊರಗ. ಆಕಿ ಒಳಗದಾಳ. ಹೇಳು."

"ಊಟ ಆದ ಮೇಲೆ ಹೇಳ್ತೇನೆ ಅಮ್ಮಾ."

"ಊಟಾ ಆದ ಮ್ಯಾಲ ನಾಳೆ ಹೇಳ್ತೀನಿ ಅಂತಿ. ಈಗಽ ಹೇಳು. ರೊಟ್ಟಿ ಬಿಸಿ ಅದಾವ."

ಸದಾನಂದ ಹೊರಬಂದರು. ಹಣೆಯ ಮೇಲೆ ಕರಿ ಎಣ್ಣೆ, ಅಂಗಿಯ ತುಂಬ ತುಕ್ಕಿನ ಪುಡಿ. ಅತ್ತೆ ತಮ್ಮ ಸೆರಗಿನಿಂದ ಅವರ ಹಣೆ ಒರೆಸಿದರು. ಅವರು ಒಳಗೆ ಹೋದರು.

ನಾವು ಮೂವರು ಗ್ಯಾರೇಜಿನಲ್ಲೇ ನಿಂತೆವು. ಒಳಗೆ ಟಿವಿಯ ಮುಂದೆ ದೀಪಾ ನಗುತ್ತಿದ್ದಳು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಅದು ನಿಂತಿತು. ಆಮೇಲೆ ಶಾಲಿನಿಯ ದನಿ. ತುಳುವಿನಲ್ಲಿ, ಒಂದೇ ಒಂದು ಪ್ರಶ್ನೆ.

ನನಗೆ ತುಳು ಬರುವುದಿಲ್ಲ. ಏನು ಕೇಳಿದರು ಅಂತ ಎಷ್ಟೋ ವಾರ ಆದ ಮೇಲೆ ಅವರೇ ಹೇಳಿದರು. 'ಯಾಕೆ ಹೇಳಲಿಲ್ಲ' ಅಂತಲ್ಲ. 'ಮುಂದೇನು' ಅಂತಲೂ ಅಲ್ಲ.

"ಇಷ್ಟು ದಿವಸ ಬುತ್ತಿ ಎಲ್ಲಿ ಕೂತು ತಿಂದ್ರಿ?"

"ಕಾರಿನಲ್ಲಿ."

ಅದಕ್ಕೆ ಶಾಲಿನಿ ಅತ್ತರಂತೆ. ಕೆಲಸ ಹೋದದ್ದಕ್ಕಲ್ಲ.

ಆ ದಿನ ಎಲ್ಲರೂ ಊಟ ಮಾಡಿದೆವು. ದೊಡ್ಡ ಮಾತೇನೂ ಆಗಲಿಲ್ಲ. ಶಾಲಿನಿ ಗಂಡನ ತಟ್ಟೆಗೆ ತಾವೇ ಬಡಿಸಿದರು, ಮಾತಾಡಿಸಲಿಲ್ಲ. ಸಿಟ್ಟು ಇಳಿಯಲು ತಿಂಗಳು ಹಿಡಿಯಿತು. ಇಳಿಯಬೇಕಾದ ಸಿಟ್ಟಲ್ಲವಾ ಅದು? ಒಂದೇ ದಿನಕ್ಕೆ ಹೇಗೆ ಇಳಿಯುತ್ತದೆ?

ನನಗೆ ಅರ್ಥವಾಗದ್ದು ಒಂದೇ. ಜ್ವರ ಬಂದರೆ ಹೇಳುತ್ತೇವೆ. ಮೊಣಕಾಲು ನೋವಾದರೆ ಊರಿಗೆಲ್ಲ ಹೇಳುತ್ತೇವೆ. ಕೆಲಸ ಹೋದರೆ ಮಾತ್ರ ಯಾಕೆ ಬಾಯಿಗೆ ಬೀಗ? ಕಂಪನಿಯವರೇ ಬರೆದುಕೊಟ್ಟಿದ್ದಾರೆ, ತಪ್ಪು ನಿಮ್ಮದಲ್ಲ ಅಂತ. ಇಲ್ಲಿ ಗೋಡೆಗೆ ಗೋಡೆ ಅಂಟಿಲ್ಲ. ನಡುವೆ ಹುಲ್ಲುಹಾಸು, ಎರಡು ಕಾರಿನ ಗ್ಯಾರೇಜು, ಮನೆಯಿಂದ ಮನೆಗೆ ಫ್ರೀವೇ. ಬೇಕಾದ್ದನ್ನು ಮುಚ್ಚಿಡಲು ಜಾಗವೋ ಜಾಗ. ಆ ಜಾಗಕ್ಕೇ ಅಲ್ಲವಾ ನಾವು ಇಷ್ಟೆಲ್ಲ ಆಸೆ ಪಟ್ಟು ಬಂದದ್ದು?

ಮುಂದಿನ ವಾರದಿಂದ ಸದಾನಂದರ ಬುತ್ತಿ ನಮ್ಮ ಗ್ಯಾರೇಜಿಗೆ ಬರತೊಡಗಿತು, ಅವರ ಸಮೇತ. ವೈರಿಂಗ್ ಅವರು ಹಿಡಿದರು. (ಅವರು ಪುಸ್ತಕ ನೋಡಿ ಬ್ಯಾಟರಿ ಜೋಡಿಸಿದರು.) ಎಡಕ್ಕೋ ಬಲಕ್ಕೋ ತಿರುಗುವ ಸಿಗ್ನಲ್ಲಿಗೆ ಆ ಕಾರಿನ ಬಾಗಿಲ ಕಂಬದಿಂದ ಪುಟ್ಟದೊಂದು ಕೈ ಹೊರಗೆ ಚಾಚಿ ದೀಪ ಹತ್ತುತ್ತದೆ. ಅದು ಮೊದಲ ಸಲ ಎದ್ದು ನಿಂತ ದಿನ ಇಬ್ಬರು ಎಂಜಿನಿಯರುಗಳು ಮಕ್ಕಳ ಹಾಗೆ ಕೂಗಿದರು. ದೀಪಾ ಒಂದು ಸಲ ನೋಡಿ, "ಕ್ಯೂಟ್" ಅಂದು ಒಳಗೆ ಹೋದಳು.

ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಎಲ್ಲರಿಗೂ ಕೆಲಸ ಹೋಗಿತ್ತು ಅಂತಲ್ಲ. ಒಬ್ಬರಿಗೆ ಕಾರಿನ ಹುಚ್ಚು, ಒಬ್ಬರಿಗೆ ರೊಟ್ಟಿಯ ಹುಚ್ಚು. ಆದರೆ ಕಾರಿನಡಿ ಮಲಗಿದವರು ಹೊರಗೆ ಕೂತವರಿಗಿಂತ ಹೆಚ್ಚು ಮಾತಾಡುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ. ಮುಖ ಕಾಣದಿದ್ದರೆ ಗಂಡಸರಿಗೆ ನಾಲಿಗೆ ಬರುತ್ತದೆ.

ಅತ್ತೆ ಜೂನಿನಲ್ಲಿ ಊರಿಗೆ ಹೋದರು. ಕಾರು ಓಡಿದ್ದು ಸೆಪ್ಟೆಂಬರಿನಲ್ಲಿ. ಅವರನ್ನು ಅದರಲ್ಲೇ ಏರ್‌ಪೋರ್ಟಿಗೆ ಕರೆದೊಯ್ದೆವು ಅಂತ ಬರೆಯಬಹುದಿತ್ತು, ಓದಲು ಚೆನ್ನಾಗಿರುತ್ತಿತ್ತು. ಆದರೆ ಆಗ ಅದರ ಎಂಜಿನ್ನು ಬಿಚ್ಚಿ ಬೆಂಚಿನ ಮೇಲಿತ್ತು.

ಸದಾನಂದರಿಗೆ ಹೇವರ್ಡಿನಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮೀಟರುಗಳನ್ನು ಪರೀಕ್ಷೆ ಮಾಡುವ ಕೆಲಸ. ಗ್ಯಾರೇಜಿಗೆ ಬರುತ್ತಿದ್ದವರೊಬ್ಬರು ಹೇಳಿದ ಜಾಗವೇ. ಇವರಿಗೆ ಮಾತ್ರ ಅಕ್ಟೋಬರಿನವರೆಗೂ ಇಲ್ಲ. ಕೊನೆಗೆ ಡಬ್ಲಿನ್‌ನಲ್ಲಿ ಸಿಕ್ಕಿತು. (ಐರ್ಲೆಂಡಿನದಲ್ಲ, ಇಲ್ಲೇ ಗುಡ್ಡದ ಆಚೆಯದು.) ಮೊದಲಿಗಿಂತ ಚಿಕ್ಕ ಹುದ್ದೆ, ಮೊದಲಿಗಿಂತ ದೂರದ ದಾರಿ. ಬೇಡ ಅನ್ನಲಿಲ್ಲ.

ಧಾರವಾಡಕ್ಕೆ ಟ್ರಂಕ್ ಕಾಲ್ ಮಾಡಿದರು. "ಅವ್ವಾ, ಕಾರ್ ಓಡಾಕತ್ತೈತಿ. ಮತ್ತ ಕೆಲಸಾನೂ ಸಿಕ್ಕೈತಿ."

ಲೈನಿನಲ್ಲಿ ಗೊರಗೊರ. ಆಮೇಲೆ ಅತ್ತೆಯ ದನಿ, ನನಗೂ ಕೇಳಿಸುವಷ್ಟು ಜೋರಾಗಿ: "ಸಣ್ಣ ಸುದ್ದಿ ಮೊದಲ, ದೊಡ್ಡ ಸುದ್ದಿ ಆಮ್ಯಾಲೇನೋ ಹುಚ್ಚಾ!"

ಕಾರು ಈಗ ಕಡು ಹಸಿರು. ನಿಂತಲ್ಲೆಲ್ಲ ಒಂದಿಷ್ಟು ಎಣ್ಣೆ ಬಿಡುತ್ತದೆ. ಏರು ರಸ್ತೆಯಲ್ಲಿ ಲಾರಿಗಳು ಹಾರನ್ ಮಾಡಿ ಹಿಂದಿಕ್ಕುತ್ತವೆ. ಮಳೆ ಬಂದರೆ ಎಡಗಡೆಯ ವೈಪರ್ ಮಾತ್ರ ಕೆಲಸ ಮಾಡುತ್ತದೆ. ಪೂರ್ತಿ ಸರಿಹೋಯಿತು ಅಂತ ಹೇಳಲಾರೆ. ಓಡುತ್ತದೆ.

ಹೋದ ವಾರ ದೀಪಾವಳಿಯ ಊಟಕ್ಕೆ ಅದರಲ್ಲೇ ಹೋದೆವು. ಅಲ್ಲಿ ಬೆಂಗಳೂರಿನ ಒಬ್ಬರ ಪರಿಚಯವಾಯಿತು. ಮೂವತ್ತು ದಾಟಿರಬಹುದು. ಒಳ್ಳೆಯ ಕೋಟು. ಹೆಂಡತಿ ಬಸುರಿ, ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ನಮ್ಮನೆಯವರು ಮಾತಿಗೆ ಮಾತು ಅಂತ ಎಲ್ಲಿ ಕೆಲಸ ಅಂದರು.

"ಈಗ ಸ್ವಲ್ಪ ಕನ್ಸಲ್ಟಿಂಗ್ ಮಾಡ್ತಾ ಇದ್ದೀನಿ" ಅಂದರು ಅವರು, ಇವರನ್ನು ನೋಡದೆ, ತಟ್ಟೆಯನ್ನು ನೋಡಿಕೊಂಡು.

ಇವರು ಮುಂದೆ ಏನೂ ಕೇಳಲಿಲ್ಲ. ಯಾವ ಕಂಪನಿಗೆ, ಎಷ್ಟು ದಿನದಿಂದ, ಏನೂ ಇಲ್ಲ. ಕೋಸಂಬರಿ ಬಡಿಸಿಕೊಂಡರು. ಆಮೇಲೆ ಹೇಳಿದರು:

"ಶನಿವಾರ ಫ್ರೀ ಇದ್ದೀರೇನ್ರಿ? ನಮ್ಮ ಹಳೇ ಕಾರಿನ ಬ್ರೇಕು ಯಾಕೋ ಸರಿ ಹಿಡೀವಲ್ದು. ಒಬ್ರಿಗೆ ಆಗೂ ಕೆಲಸ ಅಲ್ಲ. ಕೆಳಗ ಮಲಗಿ ನೋಡಬೇಕು. ಬರ್ತೀರೇನು?"

ಅವರು ತಟ್ಟೆಯಿಂದ ತಲೆ ಎತ್ತಿದರು. "ಬರ್ತೀನಿ ಸಾರ್" ಅಂದರು.

ಹೊಸ ಬ್ರೇಕು ಹಾಕಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಕಾಲಿಟ್ಟರೆ ಕಾರು ಅಲ್ಲೇ ಥಟ್ಟನೆ ನಿಲ್ಲುತ್ತದೆ.

ಎಲ್ಲ ಸರಿಯಿರುವ ಬ್ರೇಕನ್ನು ನೋಡಿಕೊಡಿ ಅಂತ ನೀವು ಯಾರನ್ನಾದರೂ ಮನೆಗೆ ಕರೆದದ್ದುಂಟಾ?